ಬೀರುವಿನಲ್ಲೇ ಹಳತಾಗುವ ಸೀರೆ

ಮೈಸೂರು ಸಿಲ್ಕ್ ಮಳಿಗೆಯ ಮುಂದೆ ಬೆಳಗಿನ ಜಾವವೇ ಹೆಂಗಸರು ಸಾಲುಗಟ್ಟುವುದು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಗಿದೆ. ಟೋಕನ್ ಕೊಟ್ಟು, ಒಬ್ಬರಿಗೆ ಒಂದೇ ಸೀರೆ ಎಂದು ಮಿತಿ ಹಾಕಿ ಮಾರಿದ್ದೂ ಉಂಟು. ಬೆಲೆ ಹತ್ತಾರು ಸಾವಿರದಿಂದ ಲಕ್ಷದ ಆಚೆಗೂ ಹೋಗುತ್ತದೆ. ಅಷ್ಟು ಹೊತ್ತು ನಿಂತು, ಅಷ್ಟು ದುಡ್ಡು ಸುರಿದು, ಎದೆಗವಚಿಕೊಂಡು ತಂದ ಸೀರೆ ಆಮೇಲೆ ಹೋಗುವುದೆಲ್ಲಿಗೆ? ಬಹಳಷ್ಟು ಮನೆಗಳಲ್ಲಿ ನೇರ ಬೀರುವಿಗೆ. ಅಲ್ಲಿಂದ ಹೊರಗೆ ಬರುವುದು ಯಾವಾಗ ಎಂದು ಕೇಳಿದರೆ ಮನೆಯವರಿಗೇ ಗೊತ್ತಿರುವುದಿಲ್ಲ.

ಇಂಥ ಬೀರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಣ್ಣಿಗೆ ಬೀಳುವ ಮೇಲಿನ ಖಾನೆಯಲ್ಲಿ ಅಂಗಡಿಯ ಡಬ್ಬದ ಸಮೇತ ಕೂತ ಸೀರೆಗಳು. ಫಾಲ್ ಹಾಕಿಸಿಲ್ಲ, ಸೆರಗಿಗೆ ಕುಚ್ಚು ಕಟ್ಟಿಸಿಲ್ಲ, ಬ್ಲೌಸ್ ಪೀಸನ್ನು ಸೀರೆಯಿಂದ ಕತ್ತರಿಸಿಯೂ ಇಲ್ಲ. ಆದರೆ ಒಂದೊಂದರ ಚರಿತ್ರೆಯೂ ಬಾಯಿಪಾಠ. ಇದು ಅಕ್ಕನ ಮಗನ ಉಪನಯನಕ್ಕೆ ತಗೊಂಡದ್ದು, ಇದು ಮೊದಲ ಬೋನಸ್ಸಿನದು, ಇದು ಅತ್ತೆಯವರು ಷಷ್ಟಿಪೂರ್ತಿಗೆ ಕೊಟ್ಟದ್ದು. ಉಟ್ಟಿದ್ದೀರಾ ಅಂದರೆ ಬರುವ ಮಾತು ಒಂದೇ: ‘ಅಯ್ಯೋ, ಅಷ್ಟು ಒಳ್ಳೇ ಸೀರೆ, ಹಾಗೆಲ್ಲ ಉಡೋಕಾಗುತ್ತಾ?’

ದುಬಾರಿ ವಸ್ತುವನ್ನು ಕೊಂಡು ಮುಟ್ಟದೆ ಇಡುವುದು ಸೀರೆಗೆ ಮಾತ್ರ ಮೀಸಲಾದ ರೂಢಿಯಲ್ಲ. ಶೋಕೇಸಿನ ಪಿಂಗಾಣಿ ಡಿನ್ನರ್ ಸೆಟ್ಟು, ಮಗ ದುಬೈನಿಂದ ತಂದುಕೊಟ್ಟ ಕೈಗಡಿಯಾರ, ಒದ್ದೆ ಬಟ್ಟೆ ಹರವುವುದಕ್ಕೆ ಮಾತ್ರ ಒದಗುವ ಟ್ರೆಡ್‌ಮಿಲ್ ಎಲ್ಲವೂ ಇದೇ ಸಾಲಿನವು. ಆದರೆ ಪಿಂಗಾಣಿ ತಟ್ಟೆಯನ್ನು ನಲವತ್ತು ವರ್ಷ ಬಿಟ್ಟು ತೆಗೆದರೂ ಅದರಲ್ಲಿ ಊಟ ಬಡಿಸಬಹುದು. ರೇಷ್ಮೆ ಹಾಗೆ ಕಾಯುವ ವಸ್ತುವಲ್ಲ. ಇಟ್ಟರೆ ಉಳಿಯುತ್ತದೆ ಎಂಬ ನಂಬಿಕೆಯೇ ತಪ್ಪು, ಆ ತಪ್ಪು ನಂಬಿಕೆಯಿಂದ ಎಷ್ಟೋ ಒಳ್ಳೆಯ ಸೀರೆಗಳು ಒಮ್ಮೆಯೂ ಬೆಳಕು ಕಾಣದೆ ಹಾಳಾಗುತ್ತಿವೆ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಒಂದು ಸೀರೆಯ ಹಿಂದಿನ ದುಡಿಮೆ ಎಷ್ಟೆಂದು ಮೊದಲು ನೋಡಬೇಕು. ಹಿಪ್ಪುನೇರಳೆ ಸೊಪ್ಪನ್ನು ಹಗಲು ರಾತ್ರಿ ಹಾಕುತ್ತಾ ಹುಳುವನ್ನು ಸುಮಾರು ನಾಲ್ಕು ವಾರ ಸಾಕಿದರೆ ಅದು ಚಂದ್ರಿಕೆ ಎಂಬ ತಟ್ಟಿಗೆ ಏರಿ ಗೂಡು ಕಟ್ಟುತ್ತದೆ. ರೈತ ಆ ಗೂಡನ್ನು ರಾಮನಗರದ, ಶಿಡ್ಲಘಟ್ಟದ ಮಾರುಕಟ್ಟೆಗೆ ತಂದು ಹರಾಜಿಗೆ ಸುರಿಯುತ್ತಾನೆ. ಒಂದು ಕೆಜಿ ನೂಲು ಬೇಕಾದರೆ ಆರರಿಂದ ಎಂಟು ಕೆಜಿ ಗೂಡು ಬೇಕು. ಬಿಚ್ಚಾಣಿಕೆ ಮನೆಗಳಲ್ಲಿ ಕುದಿನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಅದರ ಎಳೆಯ ತುದಿ ಕಣ್ಣಿಗೆ ಕಾಣುವುದೇ ಕಷ್ಟ. ಅಂಥ ಹಲವು ಎಳೆಗಳನ್ನು ಕೂಡಿಸಿ ಒಂದು ದಾರ ಮಾಡುವ ಹೆಂಗಸರ ಬೆರಳ ತುದಿ ಸದಾ ಬಿಳಿಚಿ ಸುಕ್ಕುಗಟ್ಟಿರುತ್ತದೆ. ನೂಲನ್ನು ಹುರಿ ಮಾಡಿ, ಬಣ್ಣ ಹಾಕಿ, ಮಗ್ಗಕ್ಕೆ ಏರಿಸುವ ಕೆಲಸ ಅದರ ನಂತರದ್ದು.

ಮೈಸೂರಿನ ರೇಷ್ಮೆ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ 32 ಮಗ್ಗ ತರಿಸಿ ಶುರು ಮಾಡಿಸಿದರು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್‌ಐಸಿ) ಕೈಯಲ್ಲಿದೆ. ಅಲ್ಲಿನ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಸೀರೆಯನ್ನು ಕೈಯಲ್ಲಿ ಹಿಡಿದರೆ ಅಂಚಿನ ತೂಕ ಗೊತ್ತಾಗುವುದು ಅದಕ್ಕೇ. ಸೀರೆ ಹಾಳಾಗುವ ಕತೆ ಶುರುವಾಗುವುದೂ ಆ ಬೆಳ್ಳಿಯಿಂದಲೇ.

ಬೆಳ್ಳಿಯ ಮೇಲಿನ ಚಿನ್ನದ ಲೇಪ ತೀರಾ ತೆಳು. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಗುಲಿದರೆ ಪೂಜೆಯ ಬೆಳ್ಳಿ ದೀಪ ಕಪ್ಪಾಗುವಂತೆಯೇ ಜರಿಯೂ ಕಪ್ಪಾಗುತ್ತದೆ. ದೀಪವನ್ನು ವಿಭೂತಿ ಹಾಕಿ ಉಜ್ಜಿ ತೊಳೆಯಬಹುದು, ಅಂಚನ್ನು ಉಜ್ಜಲಾಗದು. ಅಂಗಡಿಯವರು ಟೆಸ್ಟೆಡ್ ಜರಿ ಎಂದು ಕರೆಯುವುದರಲ್ಲಿ ಬೆಳ್ಳಿಗಿಂತ ತಾಮ್ರವೇ ಹೆಚ್ಚು. ಅದು ಇನ್ನೂ ಬೇಗ ಬಣ್ಣಗೆಡುತ್ತದೆ. ನುಸಿಗುಳಿಗೆಯನ್ನು ಸೀರೆಯ ಮಡಿಕೆಯೊಳಗೇ ಇಡುವ ಅಭ್ಯಾಸ ಅನೇಕರಿಗಿದೆ. ಗುಳಿಗೆ ತಗುಲಿದ ಕಡೆ ಜರಿ ಮಂಕಾಗಿ ಕಲೆ ಬೀಳುತ್ತದೆ. ಸೀರೆಯನ್ನು ಕಾಪಾಡಲು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡುವವರಿದ್ದಾರೆ. ಮಳೆಗಾಲದಲ್ಲಿ ಒಳಗೆ ಸೇರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಬೂಷ್ಟು ಹಿಡಿಯುವುದು ಅಲ್ಲೇ.

ಇದಕ್ಕಿಂತ ಕೆಟ್ಟದ್ದು ಮಡಿಕೆಯಲ್ಲಿ ಆಗುವ ಸೀಳು. ರೇಷ್ಮೆ ಪ್ರೋಟೀನಿನಿಂದಾದ ಎಳೆ. ಬೆಳಕು, ತೇವ, ಬೆವರಿನ ಉಪ್ಪು ಎಲ್ಲವೂ ನಿಧಾನವಾಗಿ ಅದರ ಕಸುವು ತೆಗೆಯುತ್ತವೆ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟರೆ ಇಡೀ ಭಾರ ಆ ಗೆರೆಯ ಎಳೆಗಳ ಮೇಲೆಯೇ ಬೀಳುತ್ತದೆ. ಮೇಲೆ ಇನ್ನೂ ಹತ್ತು ಸೀರೆ ಪೇರಿಸಿದ್ದರೆ ಕೇಳುವುದೇ ಬೇಡ. ಮಗಳ ಮದುವೆಗೆಂದು ತನ್ನ ಧಾರೆ ಸೀರೆ ಹೊರತೆಗೆದ ಒಬ್ಬ ತಾಯಿಯನ್ನು ನಾನು ಬಲ್ಲೆ. ಮೇಲಿನಿಂದ ನೋಡಿದರೆ ಸೀರೆ ಹೊಚ್ಚ ಹೊಸದು. ಮಾವಿನ ಚಿಗುರಿನ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಹಾಸಿಗೆಯ ಮೇಲೆ ಬಿಚ್ಚಿ ಹರಡಿದರು. ಮಡಿಕೆಯಿದ್ದ ಕಡೆಯೆಲ್ಲ, ಅಂಚಿನಿಂದ ಅಂಚಿಗೆ, ಬ್ಲೇಡಿನಲ್ಲಿ ಎಳೆದಂತೆ ನೇರ ಸೀಳು. ಕೈಯಿಂದ ಎತ್ತಿದಷ್ಟೂ ಸೀಳು ದೊಡ್ಡದಾಗುತ್ತಿತ್ತು. ಆ ತಾಯಿ ಅದನ್ನು ಧಾರೆಯ ದಿನ ಉಟ್ಟದ್ದೇ ಕೊನೆ. ಅಷ್ಟು ಜೋಪಾನ ಮಾಡಿದ್ದೆನಲ್ಲ ಎಂದು ಅವರು ಹೇಳಿದ ಮಾತಿಗೆ ಆ ಕೋಣೆಯಲ್ಲಿದ್ದ ಯಾರ ಬಳಿಯೂ ಉತ್ತರವಿರಲಿಲ್ಲ.

ಇಂಥ ಸೀರೆಯ ಮುಂದಿನ ದಾರಿ ಬಹಳ ಸಲ ಬೆಂಗಳೂರಿನ ಪೇಟೆ ಬೀದಿಗಳತ್ತ. ‘ಹಳೆ ರೇಷ್ಮೆ ಸೀರೆ ಕೊಳ್ಳಲಾಗುತ್ತದೆ’ ಎಂಬ ಬೋರ್ಡುಗಳು ಅಲ್ಲಿ ಕಾಣುತ್ತವೆ. ಅಂಗಡಿಯವರು ನೋಡುವುದು ಅಂಚು ಮತ್ತು ಸೆರಗನ್ನಷ್ಟೇ. ಜರಿ ಅಸಲಿಯೋ ಎಂದು ಪರೀಕ್ಷಿಸಿ, ಅದರಲ್ಲಿ ಎಷ್ಟು ಬೆಳ್ಳಿ ಸಿಗಬಹುದೆಂದು ಅಂದಾಜು ಮಾಡಿ ಬೆಲೆ ಹೇಳುತ್ತಾರೆ. ಜರಿಯ ಭಾಗವನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಹುಳು ಸಾಕಿದವನ, ನೂಲು ಬಿಚ್ಚಿದವಳ, ನೇಯ್ದವನ ದುಡಿಮೆಗೆ ಆ ಲೆಕ್ಕದಲ್ಲಿ ಬೆಲೆಯಿಲ್ಲ. ಅಂಗಡಿಯವರನ್ನು ದೂರುವಂತಿಲ್ಲ, ಅದು ಅವರ ವ್ಯಾಪಾರ. ಸೀರೆ ಅಲ್ಲಿಯವರೆಗೆ ಹೋಗುವಂತೆ ಮಾಡಿದವರು ನಾವು.

ಹಾಗಾದರೆ ಉಡುವುದಿಲ್ಲ ಏಕೆ? ದುಡ್ಡಿನ ಭಯ, ಕಲೆಯಾದೀತೆಂಬ ಹೆದರಿಕೆ, ಡ್ರೈಕ್ಲೀನಿಂಗಿನ ಖರ್ಚು ಇವೆಲ್ಲ ಇದ್ದದ್ದೇ. ಅದಕ್ಕಿಂತ ಆಳದ ಒಂದು ಕಾರಣವನ್ನು ಅಮೆರಿಕದ ಸಂಶೋಧಕರಾದ ಜಾಕ್ವೆಲಿನ್ ರಿಫ್ಕಿನ್ ಮತ್ತು ಜೋನಾ ಬರ್ಗರ್ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗುರುತಿಸಿದರು. ಒಂದು ವೈನ್ ಬಾಟಲಿಯನ್ನು ಒಮ್ಮೆ ತೆಗೆಯೋಣವೇ ಎಂದು ಯೋಚಿಸಿ, ಇವತ್ತು ಬೇಡ ಎಂದು ಎತ್ತಿಟ್ಟರೆ, ಅಲ್ಲಿಂದಾಚೆ ಅದೇ ಬಾಟಲಿ ಮೊದಲಿಗಿಂತ ವಿಶೇಷದ್ದಾಗಿ ಕಾಣುತ್ತದೆ. ಮುಂದಿನ ಸಲ ಅದನ್ನು ತೆಗೆಯಲು ಇನ್ನೂ ದೊಡ್ಡ ಸಂದರ್ಭವೇ ಬೇಕಾಗುತ್ತದೆ. ಸೀರೆಯ ವಿಷಯದಲ್ಲಿ ಆಗುವುದೂ ಥೇಟ್ ಇದೇ. ಗೌರಿ ಹಬ್ಬಕ್ಕೆ ಉಡೋಣವೆಂದು ತೆಗೆದು, ಮನೆಯಲ್ಲೇ ತಾನೇ ಹಬ್ಬ ಎಂದು ಒಳಗಿಟ್ಟರೆ, ಆಮೇಲೆ ಪಕ್ಕದ ಮನೆಯ ಗೃಹಪ್ರವೇಶ ಅದಕ್ಕೆ ಸಾಲುವುದಿಲ್ಲ. ನಾದಿನಿಯ ಮಗಳ ಸೀಮಂತವೂ ಸಾಲುವುದಿಲ್ಲ. ಕೊನೆಗೆ ಯಾವ ಮದುವೆಯೂ ಆ ಸೀರೆಯ ಎತ್ತರಕ್ಕೆ ಏರುವುದಿಲ್ಲ.

ಇನ್ನೊಂದು ಅಧ್ಯಯನ 2010ರದ್ದು, ಸುಝನ್ ಶು ಮತ್ತು ಅಯೆಲೆಟ್ ನೀಝಿ ಅವರದ್ದು. ತಿನಿಸಿನ ಅಂಗಡಿಯ ಉಡುಗೊರೆ ಚೀಟಿಗಳನ್ನು ಕೆಲವರಿಗೆ ಮೂರು ವಾರದ ಗಡುವಿನಲ್ಲಿ, ಕೆಲವರಿಗೆ ಎರಡು ತಿಂಗಳ ಗಡುವಿನಲ್ಲಿ ಕೊಟ್ಟರು. ಖಂಡಿತ ಬಳಸುತ್ತೇವೆ ಎಂದು ಹೆಚ್ಚು ಮಂದಿ ಹೇಳಿದ್ದು ಎರಡು ತಿಂಗಳು ಸಿಕ್ಕ ಗುಂಪಿನಲ್ಲಿ. ನಿಜವಾಗಿ ಹೋಗಿ ತಿಂದವರು ಆ ಗುಂಪಿನಲ್ಲಿ ಶೇ 6, ಮೂರು ವಾರದವರಲ್ಲಿ ಶೇ 31. ಕಾಲ ಬೇಕಾದಷ್ಟಿದೆ ಅನ್ನಿಸಿದಾಗ ಸುಖವನ್ನೂ ಮನುಷ್ಯ ಮುಂದೂಡುತ್ತಾನೆ. ಸೀರೆಗೆ ಗಡುವಿನ ಚೀಟಿ ಅಂಟಿಸಿರುವುದಿಲ್ಲ, ಆದರೆ ಗಡುವು ಇದೆ.

ನಮ್ಮಲ್ಲಿ ಇದಕ್ಕೆ ಇನ್ನೂ ಒಂದು ಹೊಸ ಕಾರಣ ಸೇರಿಕೊಂಡಿದೆ. ಒಮ್ಮೆ ಉಟ್ಟ ಸೀರೆಯ ಫೋಟೊ ಅರ್ಧ ಗಂಟೆಯಲ್ಲಿ ಬಂಧುಬಳಗದ ವಾಟ್ಸ್‌ಆಪ್ ಗ್ರೂಪಿನಲ್ಲಿರುತ್ತದೆ. ಅದನ್ನೇ ಮತ್ತೊಂದು ಮದುವೆಗೆ ಉಟ್ಟರೆ ‘ರಿಪೀಟ್’ ಎಂದಾರೆಂಬ ಅಳುಕು. ಹಾಗಾಗಿ ಉಟ್ಟದ್ದು ಒಂದೇ ಸಲಕ್ಕೆ ನಿವೃತ್ತಿ, ಉಡದ್ದು ಇನ್ನೂ ದೊಡ್ಡ ದಿನಕ್ಕೆ ಮೀಸಲು. ಹೊರದೇಶದಲ್ಲಿರುವ ಕನ್ನಡದ ಹೆಣ್ಣುಮಕ್ಕಳಿಗೆ ಇನ್ನೂ ಕಷ್ಟ. ಸೂಟ್‌ಕೇಸಿನಲ್ಲಿ ಹೊತ್ತೊಯ್ದ ಸೀರೆಗೆ ಅಲ್ಲಿ ಯುಗಾದಿ, ರಾಜ್ಯೋತ್ಸವ ಬಿಟ್ಟರೆ ಬೇರೆ ದಿನವೇ ಇಲ್ಲ. ಎರಡಕ್ಕೂ ಬರುವವರು ಅದೇ ಕನ್ನಡ ಕೂಟದವರು.

ಒಳ್ಳೆಯ ಸೀರೆಯನ್ನು ಮುಟ್ಟದೆ ಇಡುವುದೇ ಸಂಪ್ರದಾಯ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಿಂದಿನವರು ರೇಷ್ಮೆಯನ್ನು ಅಡುಗೆಮನೆಯಲ್ಲಿ ಉಟ್ಟವರು. ಮಡಿಗೆ ರೇಷ್ಮೆ ಶ್ರೇಷ್ಠವೆಂಬ ನಂಬಿಕೆಯಿದ್ದ ಮನೆಗಳಲ್ಲಿ ಅಜ್ಜಿಯರು ಪಟ್ಟೆ ಸೀರೆಯುಟ್ಟೇ ಒಲೆ ಊದಿದರು, ನೈವೇದ್ಯ ಮಾಡಿದರು, ಅಂಟುವಾಳದ ನೊರೆಯಲ್ಲಿ ತೊಳೆದು ನೆರಳಲ್ಲಿ ಒಣಗಿಸಿದರು. ಉತ್ತರ ಕರ್ನಾಟಕದ ಇಳಕಲ್ ಸೀರೆಯಂತೂ ಉಡುವುದಕ್ಕೆಂದೇ ಹುಟ್ಟಿದ್ದು. ಹತ್ತಿಯ ಒಡಲಿಗೆ ‘ಟೋಪು ತೆನೆ’ ವಿನ್ಯಾಸದ ರೇಷ್ಮೆ ಸೆರಗನ್ನು ಕೊಂಡಿ ಹಾಕಿ ಕೂಡಿಸಿದ ಆ ಸೀರೆಯನ್ನು, ಗುಳೇದಗುಡ್ಡದ ಖಣದ ಕುಪ್ಪಸದ ಮೇಲೆ ಕಚ್ಚೆ ಹಾಕಿ ಉಟ್ಟು, ಹೆಂಗಸರು ಹೊಲದಲ್ಲಿ ಕಳೆ ಕಿತ್ತರು, ಜೋಳ ಕೊಯ್ದರು. ಸೀರೆ ಸವೆದಾಗ ಅದು ಕೌದಿಯೊಳಗೆ ಸೇರಿತು. ಬಾಣಂತಿಯ ಪಕ್ಕ ಮಲಗಿದ ಕೂಸಿನ ಮೈಮೇಲೆ ಅಜ್ಜಿಯ, ಅತ್ತೆಯ, ತಾಯಿಯ ಸೀರೆಗಳೆಲ್ಲ ಒಂದೇ ಹೊಲಿಗೆಯಲ್ಲಿ ಕೂಡಿ ಬೆಚ್ಚಗಿರುತ್ತಿದ್ದವು. ನೇಕಾರನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇದ್ದೀತೆಂದು ನನಗೆ ಅನ್ನಿಸುವುದಿಲ್ಲ.

ಸೀರೆ ಹೊರಬರದಿರಲು ನಾವು ಯಾರೂ ಬಾಯಿಬಿಟ್ಟು ಹೇಳದ ಕಾರಣ ಒಂದಿದೆ. ಬ್ಲೌಸ್. ಸೀರೆ ಎಂಥ ಮೈಗೂ ಒಗ್ಗುತ್ತದೆ, ಬ್ಲೌಸ್ ಒಗ್ಗುವುದಿಲ್ಲ. ಹೆರಿಗೆಯ ನಂತರ, ನಲವತ್ತು ದಾಟಿದ ಮೇಲೆ ತೋಳು ಬಿಗಿಯಾಗುತ್ತದೆ. ಮೈ ಇಳಿದ ಮೇಲೆ ಉಡುತ್ತೇನೆ ಎಂದು ಸೀರೆಯನ್ನು ಒಳಗಿಡುತ್ತಾರೆ. ಆ ಮಾತಿನಲ್ಲಿ ಇರುವ ನೋವು ನನಗೆ ಗೊತ್ತು. ತನ್ನ ಈಗಿನ ಮೈ ಆ ಸೀರೆಗೆ ತಕ್ಕದ್ದಲ್ಲ ಎಂದು ಒಬ್ಬ ಹೆಣ್ಣುಮಗಳು ತನಗೆ ತಾನೇ ಹೇಳಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಮನೆಯವರೂ ನಗೆಯಾಡುವುದನ್ನು ನಿಲ್ಲಿಸಬೇಕು. ಬ್ಲೌಸ್ ಎನ್ನುವುದು ಮುಕ್ಕಾಲು ಮೀಟರ್, ಒಂದು ಮೀಟರ್ ಬಟ್ಟೆಯ ವಿಷಯ. ಅದಕ್ಕಾಗಿ ಆರು ಗಜದ ರೇಷ್ಮೆಯನ್ನು ಕತ್ತಲಲ್ಲಿ ಇಡಬೇಕಿಲ್ಲ.

ಬೀರು ತೆಗೆಯಲು ಮನಸ್ಸು ಮಾಡಿದವರು ಮೊದಲು ಸೀರೆಗಳನ್ನು ಡಬ್ಬ, ಪ್ಲಾಸ್ಟಿಕ್ಕಿನಿಂದ ಬಿಡುಗಡೆ ಮಾಡಲಿ. ನೆರಳಿನಲ್ಲಿ ಒಂದಿಷ್ಟು ಹೊತ್ತು ಗಾಳಿಗೆ ಹರವಿ, ಹಳೆಯ ಮಡಿಕೆಯ ಗೆರೆ ಬಿಟ್ಟು ಬೇರೆ ಗೆರೆಯಲ್ಲಿ ಮಡಿಸಿ, ತೊಳೆದ ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿಡಬೇಕು. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಗಬೇಕು. ಗಂಜಿ ಹಾಕಿ ಇಡಬಾರದು, ಗಂಜಿಗೆ ಹುಳ ಬರುತ್ತದೆ. ಕಬ್ಬಿಣದ ಹ್ಯಾಂಗರು ಬೇಡ, ತುಕ್ಕಿನ ಕಲೆ ಹೋಗುವುದಿಲ್ಲ. ಉಟ್ಟು ಬಂದ ಕೂಡಲೇ ಮಡಿಸದೆ ಬೆವರು ಆರಲು ಬಿಡಬೇಕು. ಸೆಂಟನ್ನು ಜರಿಯ ಮೇಲೆ ಎರಚಬಾರದು. ಈಗಾಗಲೇ ಸೀಳಿದ್ದನ್ನು ಬೆಳ್ಳಿಗೆ ಮಾರುವ ಬದಲು ಗಟ್ಟಿ ಇರುವ ಭಾಗದಲ್ಲಿ ಮೊಮ್ಮಗಳಿಗೊಂದು ಲಂಗ ಹೊಲಿಸಬಹುದು, ಅಂಚನ್ನು ಬಿಡಿಸಿ ಬೇರೆ ಸಾದಾ ಸೀರೆಗೆ ಹಚ್ಚಿಸಬಹುದು.

ಬ್ಲೌಸಿನ ಕೆಲಸಕ್ಕೆ ಮಾತ್ರ ಕಾಲ ನೋಡಿಕೊಳ್ಳಿ. ಹಳೆಯ ಬ್ಲೌಸನ್ನು ಒಳಮಗ್ಗುಲು ತಿರುಗಿಸಿ ನೋಡಿದರೆ ಬದಿಯ ಹೊಲಿಗೆಯಲ್ಲಿ ದರ್ಜಿ ಬಿಟ್ಟ ಬಟ್ಟೆ ಇರುತ್ತದೆ, ಎಷ್ಟೋ ಸಲ ಅದನ್ನು ಬಿಚ್ಚಿದರೇ ಸಾಕು. ಅದಿಲ್ಲದಿದ್ದರೆ ಖಣದಲ್ಲೋ ಕಲಂಕಾರಿಯಲ್ಲೋ ಒಂದು ಹೊಲಿಸಿದರೆ ನಾಲ್ಕಾರು ಸೀರೆಗೆ ಹೊಂದುತ್ತದೆ. ಶ್ರಾವಣ ಹುಟ್ಟಿತೆಂದರೆ ವರಮಹಾಲಕ್ಷ್ಮಿ ಹಬ್ಬದ ಗಡಿಬಿಡಿ, ಒಳ್ಳೆಯ ದರ್ಜಿಗಳು ಹೊಸ ಬಟ್ಟೆ ಹಿಡಿಯುವುದೇ ಇಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಅವರ ಕೈ ಬಿಡುವಾಗಿರುತ್ತದೆ. ಫಾಲು, ಕುಚ್ಚು, ಬ್ಲೌಸು ಮೂರನ್ನೂ ಆಗಲೇ ಕೊಟ್ಟುಬಿಡಿ.