ಪೋಷಕ ನಟನ ತವರು ಬನಶಂಕರಿ

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರು ಎಳೆದ ಮೇಲೂ ಜಾತ್ರೆ ಮುಗಿಯುವುದಿಲ್ಲ. ಚೊಳಚಗುಡ್ಡದ ಬಯಲಲ್ಲಿ ಅದು ಮತ್ತೂ ಹಲವು ವಾರ ನಡೆಯುತ್ತದೆ. ಹರಕೆ ತೀರಿಸಲು ಬಂದವರು, ಹೊಸ ಮನೆಗೆ ಕಟ್ಟಿಗೆಯ ಬಾಗಿಲು ಚೌಕಟ್ಟು ನೋಡಲು ಬಂದವರು, ಸುಮ್ಮನೆ ತಿರುಗಲು ಬಂದವರು, ಎಲ್ಲರೂ ರಾತ್ರಿಯಾದರೆ ಸೇರುವುದು ನಾಟಕದ ಥೇಟರಿನಲ್ಲೇ. ಹತ್ತರ ಆಸುಪಾಸು ಕಂಪನಿಗಳು ಇಲ್ಲಿ ಕ್ಯಾಂಪ್ ಮಾಡುತ್ತವೆ. ಪ್ರತಿ ಥೇಟರಿನ ಮುಂದೆಯೂ ಆಳೆತ್ತರದ ಬೋರ್ಡು, ಬೋರ್ಡಿನ ಮೇಲೆ ಒಂದಲ್ಲ ಒಂದು ಪರಿಚಿತ ಮುಖ, ಅದರ ಕೆಳಗೆ ಇಂಥ ಸಿನಿಮಾ ಖ್ಯಾತಿಯ, ಇಂಥ ಧಾರಾವಾಹಿ ಖ್ಯಾತಿಯ ಎಂಬ ಒಕ್ಕಣೆ. ಅದನ್ನು ಓದಿದವರಿಗೆ, ತೆರೆಯ ಮೇಲೆ ಹೆಸರು ಮಾಡಿದ ನಟ ಜಾತ್ರೆಯ ಮಟ್ಟಕ್ಕೆ ಇಳಿದು ಬಂದಂತೆ ಕಾಣಬಹುದು. ನನಗೆ ಲೆಕ್ಕ ತಿರುಗಮುರುಗ ಕಾಣುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ನಟನಿಗೆ ಸಿನಿಮಾ, ಟಿ.ವಿ. ತಂದುಕೊಡುವುದು ಬೋರ್ಡಿನ ಮೇಲಿನ ಆ ‘ಖ್ಯಾತಿ’ಯನ್ನು ಮಾತ್ರ. ಕಸುಬು ಕಲಿಸಿದ್ದೂ ಬಹಳ ಮಂದಿಗೆ ಅನ್ನ ಹಾಕಿದ್ದೂ ಕಂಪನಿ.

ಕಂಪನಿಯಲ್ಲಿ ಪಾತ್ರಕ್ಕಿಂತ ಮೊದಲು ‘ಪಾರ್ಟು’ ಇರುತ್ತದೆ: ರಾಜಪಾರ್ಟು, ಸ್ತ್ರೀಪಾರ್ಟು, ಹಾಸ್ಯಪಾರ್ಟು, ಖಳನ ಪಾರ್ಟು. ಸಿನಿಮಾದ ಲೆಕ್ಕದಲ್ಲಿ ನಾಯಕ ನಾಯಕಿಯರನ್ನು ಗೊತ್ತು ಮಾಡಿದ ಮೇಲೆ ಉಳಿದವರೆಲ್ಲ ಪೋಷಕ ನಟರು. ಕಂಪನಿಯಲ್ಲಿ ಈ ಏಣಿಶ್ರೇಣಿ ನಿಲ್ಲುವುದಿಲ್ಲ. ಅಲ್ಲಿ ಎಷ್ಟೋ ಸಲ ಟಿಕೆಟ್ ಹರಿಯುವುದೇ ಹಾಸ್ಯಪಾರ್ಟಿನವನ ಹೆಸರಿನ ಮೇಲೆ. ನಾಯಕನದು ಮದುವೆಯಾಗಿ ಹಾಡು ಹಾಡುವ ಕೆಲಸ. ಜಾತ್ರೆಯ ಜೋರು ದಿನಗಳಲ್ಲಿ ಒಂದೇ ನಾಟಕ ದಿನಕ್ಕೆ ಮೂರು ನಾಲ್ಕು ಸಲ ಆಗುತ್ತದೆ. ಪಕ್ಕದ ಥೇಟರಿನ ಮೈಕು, ಆಚೆ ತೊಟ್ಟಿಲು ತಿರುಗುವ ಸದ್ದು, ಮುಂದಿನ ಸಾಲಿನಲ್ಲಿ ಅಳುವ ಕೂಸು, ಇವೆಲ್ಲವನ್ನೂ ದಾಟಿ ಮಾತು ಹಿಂದಿನ ಸಾಲಿಗೆ ಮುಟ್ಟಬೇಕು. ಮುಟ್ಟದಿದ್ದರೆ ಮಂದಿ ಅಲ್ಲೇ ಸಿಳ್ಳೆ ಹೊಡೆದು ತಿಳಿಸುತ್ತಾರೆ. ಎದುರಿನವನು ಮಾತು ಮರೆತರೆ ಅದನ್ನು ತನ್ನ ಮಾತಿನಲ್ಲಿ ಸೇರಿಸಿ ಮುಂದೆ ದಾಟಿಸಬೇಕು. ಮೂರು ನಿಮಿಷ ಸಿಕ್ಕರೂ ನೋಡುವವರ ಕಣ್ಣು ತನ್ನ ಮೇಲೆ ನಿಲ್ಲುವಂತೆ ಮಾಡುವುದು ಪೋಷಕ ನಟನ ಇಡೀ ಬಂಡವಾಳ. ಅದನ್ನು ಇಷ್ಟು ನಿಷ್ಠುರವಾಗಿ ಕಲಿಸುವ ಶಾಲೆ ಬೇರೆ ಇದ್ದಂತಿಲ್ಲ.

ಈ ಶಾಲೆಗೆ ಪಠ್ಯ ಬರೆದುಕೊಟ್ಟವರೂ ಇದೇ ಮಣ್ಣಿನವರು. ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಲ್ಲಿ ಶಕುನಿಯ ಪಾರ್ಟು ಗೆದ್ದವನನ್ನು ಕಂಪನಿಗಳು ಹುಡುಕಿಕೊಂಡು ಬರುತ್ತಿದ್ದವು, ಅಲ್ಲಿ ಧರ್ಮರಾಯನಿಗಿಂತ ಶಕುನಿಗೆ ಬೆಲೆ ಹೆಚ್ಚು. ವಿಜಯಪುರದ ರಂಗಮಂದಿರ ಇವತ್ತಿಗೂ ಹನುಮಂತರಾಯರ ಹೆಸರಿನಲ್ಲಿದೆ. ಅವರ ನಂತರದ ತಲೆಮಾರಿನಲ್ಲಿ ಅದೇ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ ಪುರಾಣ ಬಿಟ್ಟು ಮನೆತನದ ಜಗಳ, ಸಿರಿವಂತರ ಸೊಕ್ಕು, ಬಡವರ ಛಲ ಹಿಡಿದು ಬರೆದರು. ಅವರ ‘ಸಂಪತ್ತಿಗೆ ಸವಾಲ್’ ಕಂಪನಿ ಕಂಪನಿ ಸುತ್ತಿದ ಮೇಲೆ 1974ರಲ್ಲಿ ಎ.ವಿ. ಶೇಷಗಿರಿರಾಯರ ನಿರ್ದೇಶನದಲ್ಲಿ ಸಿನಿಮಾ ಆಯಿತು. ಡಾ. ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ಹಾಡಿದ ಹಾಡು ನಾಡಿಗೆಲ್ಲ ಗೊತ್ತು. ಅವರು ತಮ್ಮ ಪಾತ್ರಗಳಿಗೆ ತಾವೇ ನಿಯಮಿತವಾಗಿ ಹಾಡತೊಡಗಿದ್ದು ಅಲ್ಲಿಂದಲೇ. ಆ ಕತೆ ಹುನಗುಂದದ ಕಡೆಯದು ಎಂಬುದು ಮಾತ್ರ ಅಷ್ಟು ಮಂದಿಗೆ ಗೊತ್ತಿಲ್ಲ. ಹೀಗೆ ಸಿನಿಮಾ ಈ ಸೀಮೆಯಿಂದ ನಟರಿಗಿಂತ ಮೊದಲೇ ನಾಟಕಗಳನ್ನು ಒಯ್ದಿತ್ತು. ಒಯ್ಯುವಾಗ ಇಲ್ಲಿನ ಮಾತನ್ನು ಇಲ್ಲೇ ಬಿಟ್ಟು ಹೋಯಿತು.

ಆ ಬಿಟ್ಟುಹೋದ ಮಾತನ್ನು ಬಹಳ ಕಾಲದ ಮೇಲೆ ಬೆಂಗಳೂರಿಗೆ ಮುಟ್ಟಿಸಿದವರಲ್ಲಿ ರಾಜು ತಾಳಿಕೋಟೆ ಒಬ್ಬರು. ನೆರೆಯ ವಿಜಯಪುರ ಜಿಲ್ಲೆಯವರು. 1997ರವರೆಗೆ ಬಾಗಲಕೋಟೆಯೂ ಅದೇ ಜಿಲ್ಲೆಯೊಳಗಿತ್ತು ಎನ್ನುವುದನ್ನು ನೆನೆದರೆ ನೆರೆಯೂ ಅಲ್ಲ. ಕಂಪನಿ ಮನೆತನದಲ್ಲಿ ಹುಟ್ಟಿ ಬೆಳೆದ ಅವರ ‘ಕಲಿಯುಗದ ಕುಡುಕ’ ಕ್ಯಾಸೆಟ್ ಆಗಿ ಚಹಾದಂಗಡಿ, ಟೆಂಪೊ, ಟ್ರ್ಯಾಕ್ಟರುಗಳಲ್ಲೆಲ್ಲ ಕೇಳಿಸುತ್ತಿದ್ದ ಕಾಲದಲ್ಲಿ ದಕ್ಷಿಣದ ಪ್ರೇಕ್ಷಕರಿಗೆ ಅವರ ಮುಖ ಪರಿಚಯವಿರಲಿಲ್ಲ. 2009ರಲ್ಲಿ ಯೋಗರಾಜ ಭಟ್ಟರ ‘ಮನಸಾರೆ’, ಮರುವರ್ಷ ‘ಪಂಚರಂಗಿ’ ಬಂದವು; ಆಮೇಲೆ ‘ಬಿಗ್ ಬಾಸ್’ ಮನೆಯೂ ಆಯಿತು. ಹೊಸ ನಟ ಸಿಕ್ಕ ಎಂದು ಅಲ್ಲಿನವರು ಅಂದುಕೊಂಡರು. ಉತ್ತರದವರಿಗೆ ಅದು ದಶಕಗಳ ಹಳೆಯ ಸುದ್ದಿ. ಸಿನಿಮಾದಲ್ಲಿ ಹೆಸರಾದ ಮೇಲೂ ಅವರು ಕಂಪನಿ ರಂಗಭೂಮಿಯ ಮನುಷ್ಯರಾಗಿಯೇ ಉಳಿದರು. 2025ರ ಅಕ್ಟೋಬರಿನಲ್ಲಿ ಉಡುಪಿಯ ಕಡೆ ಚಿತ್ರೀಕರಣಕ್ಕೆ ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡಾಗ ಅವರು ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು.

ಕಂಪನಿ ನಟರ ಅಭಿನಯ ಕ್ಯಾಮೆರಾಕ್ಕೆ ಅತಿಯಾಗುತ್ತದೆ, ಅವರು ಮಾತಾಡುವುದಿಲ್ಲ ಕೂಗುತ್ತಾರೆ ಎಂಬ ದೂರು ಹಳೆಯದು. ಸುಳ್ಳೂ ಅಲ್ಲ. ಆದರೆ ಕೂಗು ಅವರಿಗೆ ಬರುವ ಒಂದೇ ವಿದ್ಯೆ ಎಂದುಕೊಂಡರೆ ತಪ್ಪು. ಬೀದರ್ ಜಿಲ್ಲೆಯಿಂದ ರಂಗಭೂಮಿಯ ಹಾದಿಯಲ್ಲೇ ಬಂದ ವೈಜನಾಥ ಬಿರಾದಾರರನ್ನು ನೋಡಿ. ನೂರಾರು ಸಿನಿಮಾಗಳಲ್ಲಿ ಅವರಿಗೆ ಸಿಕ್ಕಿದ್ದು ಬಹುಪಾಲು ಭಿಕ್ಷುಕನ, ಕುಡುಕನ ಚೂರುಪಾರು ಪಾತ್ರಗಳು. ಗಿರೀಶ ಕಾಸರವಳ್ಳಿಯವರು ಅಮರೇಶ ನುಗಡೋಣಿಯವರ ‘ಸವಾರಿ’ ಕತೆಯನ್ನು ‘ಕನಸೆಂಬೋ ಕುದುರೆಯನೇರಿ’ ಎಂಬ ಸಿನಿಮಾ ಮಾಡಿದಾಗ ಗೋರಿ ತೋಡುವ ಈರ್ಯಾನ ಪಾತ್ರವನ್ನು ಅವರಿಗೆ ಕೊಟ್ಟರು. ಆ ಪಾತ್ರಕ್ಕೆ 2011ರಲ್ಲಿ ಸ್ಪೇನಿನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂತು. ಆ ಒಂದು ಚಿತ್ರಕ್ಕಾಗಿ ಅವರೇನು ಹೊಸದಾಗಿ ಅಭಿನಯ ಕಲಿಯಲಿಲ್ಲ. ಅಷ್ಟು ವರ್ಷ ಅವರನ್ನು ಕೂಗಿಸಿದ್ದು ಪಾತ್ರ ಬರೆಯುವವರ ಸೋಮಾರಿತನ.

ಭಾಷೆಯದೂ ಇದೇ ಕತೆ. ಉತ್ತರ ಕರ್ನಾಟಕದ ಮಾತು ಕೇಳಿಸಿತೆಂದರೆ ಪ್ರೇಕ್ಷಕ ನಗಲು ಸಿದ್ಧನಾಗಬೇಕು ಎನ್ನುವುದು ಸಿನಿಮಾ ರೂಢಿಸಿದ ಚಾಳಿ. ಪೊಲೀಸ್ ಪೇದೆ, ಅಡಿಗೆಯವ, ಗೌಡರ ಆಳು ಇಷ್ಟರಲ್ಲೇ ನಮ್ಮವರ ಪಾತ್ರಗಳು ಮುಗಿದವು. ಇದೇ ಮಾತಿನಲ್ಲಿ ಧುತ್ತರಗಿಯವರ ನಾಟಕದ ತಾಯಂದಿರು ಅತ್ತಾಗ ಇಳಕಲ್ಲಿನ ನೇಕಾರರು, ಗುಳೇದಗುಡ್ಡದ ಖಣ ನೇಯುವವರು ಕಣ್ಣೊರೆಸಿಕೊಂಡಿದ್ದಾರೆ. ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’ ಧಾರಾವಾಹಿ ಈ ಮಾತಿನಲ್ಲಿ ಇಡೀ ಒಂದು ಮನೆತನದ ಸುಖದುಃಖ ಹೇಳಿ, ದಕ್ಷಿಣದವರನ್ನೂ ಕೂಡಿಸಿ ನೋಡಿಸಿತು. ಆ ದಾರಿಯಲ್ಲಿ ಆಮೇಲೆ ಹೋದವರು ಕಡಿಮೆ.

ಇನ್ನೊಂದು ತಕರಾರು ಹೆಚ್ಚು ಗಟ್ಟಿ. ಕಂಪನಿಯೇ ಮೂಲವಾದರೆ ಬೋರ್ಡಿನ ಮೇಲೆ ಟಿ.ವಿ. ಮುಖ ಯಾಕೆ ಬೇಕು, ದ್ವಂದ್ವಾರ್ಥದ ಹೆಸರಿಟ್ಟು ಮಂದಿಯನ್ನು ಎಳೆಯುವ ಗತಿ ಯಾಕೆ ಬಂತು? ಒಪ್ಪತಕ್ಕ ಮಾತು. ಟಿ.ವಿ. ಮನೆಮನೆಗೆ ಬಂದ ಮೇಲೆ ಕಂಪನಿಗಳು ಕರಗಿವೆ, ವರ್ಷದ ಬಹುಪಾಲು ಗಳಿಕೆಗೆ ಜಾತ್ರೆಗಳನ್ನೇ ನೆಚ್ಚಿವೆ. ಕೊರೊನಾ ಕಾಲದಲ್ಲಿ ಜಾತ್ರೆ ನಿಂತಾಗ ಒಲೆ ಆರಿದ ಮನೆಗಳಲ್ಲಿ ಕಂಪನಿ ಕಲಾವಿದರವೂ ಇದ್ದವು. ಆದರೂ ಬೋರ್ಡಿನ ಕೆಲಸ ಮಂದಿಯನ್ನು ಗೇಟಿನ ತನಕ ತರುವುದು, ಅಷ್ಟೇ. ಅತಿಥಿ ನಟ ಬಂದು ಎರಡು ದೃಶ್ಯ ಮಾಡಿ, ಕೈಮುಗಿದು ಹೋಗುತ್ತಾನೆ. ಉಳಿದ ಎರಡೂವರೆ ತಾಸು ಥೇಟರನ್ನು ಹಿಡಿದು ನಿಲ್ಲಿಸುವವರು ಬೋರ್ಡಿನಲ್ಲಿ ಹೆಸರಿಲ್ಲದವರು. ದ್ವಂದ್ವಾರ್ಥದ ಮಟ್ಟಿಗೆ, ಟಿ.ವಿ.ಯ ಹಾಸ್ಯ ಕಾರ್ಯಕ್ರಮ ನೋಡಿ ನಕ್ಕವರು ಕಂಪನಿಯತ್ತ ಬೆರಳು ತೋರುವುದು ಕಷ್ಟ.

ತೆರೆಯಿಂದ ಮರಳಿ ನಾಡಿಗೆ ಬರುವ ಈ ದಾರಿ ಹೊಸದೂ ಅಲ್ಲ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ, 1943ರ ‘ಕಿಸ್ಮತ್’ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಹೊಸ ಕಂಠಗಳು ಬಂದು ಹಾಡುವ ಅವಕಾಶ ಕಡಿಮೆಯಾದ ಮೇಲೆ, 1965ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ, ಅವರು ಹೆಚ್ಚಾಗಿ ಪೋಷಕ ಪಾತ್ರಗಳನ್ನೇ ಮಾಡಿದರು. ಅವರ ಹೆಸರು ಹೊತ್ತ ಚಿತ್ರಮಂದಿರ ಎದ್ದದ್ದು ಮುಂಬಯಿಯಲ್ಲಲ್ಲ, ವಿಜಯಪುರದಲ್ಲಿ: ಅಮೀರ್ ಟಾಕೀಸ್.