ಟ್ಯೂನ್ ಮಾಡಿದ ಎಂಜಿನ್ನಿಗೆ ಹಳೆಯ ಪ್ಲಗ್ಗೇ ಅಪಾಯ

ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದು 1996ರಲ್ಲಿ. ಅದರ 98 ಸಿಸಿ ಎಂಜಿನ್ ಬಿಚ್ಚಿ, ಪೋರ್ಟ್ ಕೊರೆಸಿ, ಹೆಡ್ ತೇಯಿಸಿ, ಎಕ್ಸ್‌ಪಾನ್ಷನ್ ಚೇಂಬರ್ ಜೋಡಿಸಿ ಓಡಿಸುವವರು ಇಂದಿಗೂ ಇದ್ದಾರೆ. ಇಷ್ಟೆಲ್ಲ ದುಡ್ಡು ಸುರಿದ ಮೇಲೂ ಎಷ್ಟೋ ಗಾಡಿಗಳಲ್ಲಿ ಪ್ಲಗ್ ಮಾತ್ರ ಕಂಪನಿ ಹೇಳಿದ ನಂಬರಿನದೇ ಉಳಿದಿರುತ್ತದೆ. ಪಿಸ್ಟನ್ ನೆತ್ತಿಗೆ ತೂತು ಬೀಳಲು ಅಷ್ಟೇ ಸಾಕಾಗಬಹುದು.

ಓಡುವಾಗ ಪ್ಲಗ್ಗಿನ ತುದಿ ಸುಮಾರು 500ರಿಂದ 850 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಅದಕ್ಕಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಕಿಡಿ ತಪ್ಪುತ್ತದೆ. ಮಿತಿ ಮೀರಿ ಕಾದರೆ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಮೇಲೇರುತ್ತಿರುವ ಪಿಸ್ಟನ್ ಆಗ ಉರಿಯುತ್ತಿರುವ ಅನಿಲವನ್ನೇ ಒತ್ತಬೇಕು. ಕಾವು ಇನ್ನಷ್ಟು ಏರುತ್ತದೆ, ಮುಂದಿನ ಸುತ್ತಿನಲ್ಲಿ ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ಶುದ್ಧ ಅಲ್ಯುಮಿನಿಯಂ ಕರಗುವುದೇ 660 ಡಿಗ್ರಿಗೆ. ಪಿಸ್ಟನ್ನಿನ ಮಿಶ್ರಲೋಹ ಅದಕ್ಕೂ ಮೊದಲೇ ಸೋಲುತ್ತದೆ. ಟೂ ಸ್ಟ್ರೋಕಿನಲ್ಲಂತೂ ಪ್ರತಿ ಸುತ್ತಿಗೂ ಒಂದು ದಹನ, ತಣಿಯಲು ಬಿಡುವೇ ಇಲ್ಲ. ನಾಕಿಂಗ್ ಸದ್ದು ಕೇಳಿದಾಗ ನೋಡಿಕೊಳ್ಳೋಣ ಎಂದು ಕಾಯಬೇಡಿ. ಈ ಹಾನಿ ಸದ್ದಿಲ್ಲದೆ, ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗಬಲ್ಲದು.

ಈಗ ಇದಕ್ಕೆ ಇಂಧನವೂ ಸೇರಿಕೊಂಡಿದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ 9 ಕಿಲೋ ಸಾಕು, ಇ20ಕ್ಕೆ ಸುಮಾರು 13.5. ಆಮ್ಲಜನಕ ಸೆನ್ಸರ್ ಇರುವ ಫ್ಯುಯೆಲ್ ಇಂಜೆಕ್ಷನ್ ಈ ವ್ಯತ್ಯಾಸವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಕಾರ್ಬುರೇಟರಿನ ಹಿತ್ತಾಳೆ ಜೆಟ್ಟಿಗೆ ಅದು ಸಾಧ್ಯವಿಲ್ಲ. ಹಳೆಯ ಪೆಟ್ರೋಲಿಗೆ ಹೊಂದಿಸಿದ ಮಿಶ್ರಣ ತೆಳುವಾಗುತ್ತದೆ, ಫುಲ್ ಥ್ರಾಟಲಿನಲ್ಲಿ ಕಾವು ಹೆಚ್ಚುತ್ತದೆ. ಎಥೆನಾಲಿನ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಅದು ತಂಪನ್ನೂ ಕೊಡುತ್ತದೆ, ನಿಜ. ಅದನ್ನೇ ನಂಬಿ ಜೆಟ್ ಮುಟ್ಟದಿರುವುದು ತಪ್ಪು ಲೆಕ್ಕ.

ಆದ್ದರಿಂದ ಮೊದಲು ಜೆಟ್, ಆಮೇಲೆ ಟೈಮಿಂಗ್, ಕೊನೆಗೆ ಪ್ಲಗ್. ಕೋಲ್ಡ್ ಪ್ಲಗ್ಗಿನ ಪಿಂಗಾಣಿ ಮೂಗು ಗಿಡ್ಡ. ಕಾವು ಬೇಗ ಹೆಡ್ಡಿಗೆ ಇಳಿದುಹೋಗುತ್ತದೆ. ಒಂದು ಹೆಜ್ಜೆ ಕೋಲ್ಡ್ ಆದರೆ ತುದಿಯ ಕಾವು ಸುಮಾರು 70ರಿಂದ 100 ಡಿಗ್ರಿ ತಗ್ಗುತ್ತದೆ. ಒಂದೇ ಹೆಜ್ಜೆಯಿಂದ ಶುರು ಮಾಡಿ. ಅಂಗಡಿಯಲ್ಲಿ ಎಚ್ಚರ ಬೇಕು: ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ಕೋಲ್ಡ್, ಬಾಷ್‌ನಲ್ಲಿ ನಂಬರ್ ದೊಡ್ಡದಾದಷ್ಟೂ ಹಾಟ್. ಬ್ರ್ಯಾಂಡ್ ಬದಲಿಸಿ ದೊಡ್ಡ ನಂಬರ್ ಕೇಳಿದವರು ತಿಳಿಯದೆಯೇ ಎಂಜಿನ್ನಿಗೆ ಬೆಂಕಿ ಹಚ್ಚಿಕೊಳ್ಳುತ್ತಾರೆ. ಸಡಿಲವಾಗಿ ಕೂರಿಸಿದ ಪ್ಲಗ್ ಕೂಡ ಕಾವು ಇಳಿಸಲಾರದು.

ಫುಲ್ ಥ್ರಾಟಲಿನಲ್ಲಿ ಓಡಿಸಿ, ಕ್ಲಚ್ ಹಿಡಿದು, ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ ನೋಡಿ. ತಿಳಿಗಂದು ಇದ್ದರೆ ಸರಿ. ಸುಣ್ಣದ ಬಿಳುಪು, ಗುಳ್ಳೆ ಕಂಡರೆ ಕಾವು ಮಿತಿ ಮೀರಿದೆ. ಪಿಂಗಾಣಿಯ ಮೇಲೆ ಹೊಳೆಯುವ ಸಣ್ಣ ಚುಕ್ಕೆಗಳಿದ್ದರೆ ಅವು ಪಿಸ್ಟನ್ನಿನಿಂದಲೇ ಸಿಡಿದ ಅಲ್ಯುಮಿನಿಯಂ. ಕಾರಣ ಪತ್ತೆಯಾಗುವವರೆಗೆ ಆ ಗಾಡಿಗೆ ಮತ್ತೆ ಕಿಕ್ ಹೊಡೆಯಬೇಡಿ.