ಲೇಸರ್ ಪೊರೆ ಶಸ್ತ್ರಚಿಕಿತ್ಸೆಯ ನಂತರ ಕಣ್ಣಿನ ಆರೈಕೆ: ಕರ್ಜಗಿ ಭಾಗದ ಸಾರ್ವಜನಿಕರಿಗೆ ಮಾಹಿತಿ

ವಯಸ್ಸಾದಂತೆ ಕಣ್ಣಿನೊಳಗಿನ ಮಸೂರವು ಪಾರದರ್ಶಕತೆಯನ್ನು ಕಳೆದುಕೊಂಡು ಮಂಜಾಗುವುದನ್ನು ಕಣ್ಣಿನ ಪೊರೆ ಎನ್ನುತ್ತಾರೆ. ಇದು ಔಷಧಿಯಿಂದ ಗುಣವಾಗುವುದಿಲ್ಲ. ಮಂಜಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಅಳವಡಿಸುವುದೇ ಇದಕ್ಕೆ ಚಿಕಿತ್ಸೆ. ಹಾವೇರಿ ತಾಲ್ಲೂಕಿನ ಕರ್ಜಗಿ ಹಾಗೂ ಸುತ್ತಲಿನ ಗ್ರಾಮಗಳ ಹಿರಿಯರು ಹಾವೇರಿ, ರಾಣೇಬೆನ್ನೂರು ಅಥವಾ ಹುಬ್ಬಳ್ಳಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಸಾಮಾನ್ಯವಾಗಿ ಅದೇ ದಿನ ಇಲ್ಲವೇ ಮರುದಿನ ಮನೆಗೆ ಮರಳಬಹುದು. ಆದುದರಿಂದ ಮುಂದಿನ ಆರೈಕೆಯ ಹೊಣೆ ಬಹುಮಟ್ಟಿಗೆ ಮನೆಯವರದಾಗಿರುತ್ತದೆ.

ಲೇಸರ್ ಎಂದರೇನು?

ಜನರು ಲೇಸರ್ ಎಂದು ಕರೆಯುವುದು ಹೆಚ್ಚಾಗಿ ಫೇಕೋ ವಿಧಾನವನ್ನು. ಇದರಲ್ಲಿ 2ರಿಂದ 3 ಮಿ.ಮೀ. ಅಳತೆಯ ಛೇದನದ ಮೂಲಕ ಶ್ರವಣಾತೀತ ತರಂಗಗಳಿಂದ ಪೊರೆಯನ್ನು ಒಡೆದು ಹೀರಿ ತೆಗೆಯಲಾಗುತ್ತದೆ. ನಿಜವಾದ ಲೇಸರ್ ಯಂತ್ರವು ಕೆಲವೇ ಆಸ್ಪತ್ರೆಗಳಲ್ಲಿದ್ದು, ಛೇದನ ಮಾಡುವ ಹಾಗೂ ಪೊರೆಯನ್ನು ಒಡೆಯುವಂತಹ ಹಂತಗಳಿಗೆ ಮಾತ್ರ ನೆರವಾಗುತ್ತದೆ.

ಡಾ. ಎಂ. ಸಿ. ಮೋದಿಯವರಂತಹ ವೈದ್ಯರು ಹಳ್ಳಿಗಳಲ್ಲಿ ನೇತ್ರ ಶಿಬಿರಗಳನ್ನು ನಡೆಸುತ್ತಿದ್ದ ಕಳೆದ ಶತಮಾನದಲ್ಲಿ ಛೇದನ ದೊಡ್ಡದಾಗಿದ್ದು, ಹಲವು ದಿನಗಳ ವಿಶ್ರಾಂತಿ ಅನಿವಾರ್ಯವಾಗಿತ್ತು. ಇಂದು ಆ ಕಷ್ಟವಿಲ್ಲ. ಆದರೆ ಲೇಸರ್ ಆಗಿದೆ, ಪಥ್ಯವೇನೂ ಬೇಡ ಎಂಬ ಭಾವನೆ ತಪ್ಪು. ಗಾಯ ಚಿಕ್ಕದಾದರೂ ಅದು ಕಣ್ಣಿನ ಒಳಗಿನವರೆಗೆ ಆದ ಗಾಯವೇ ಆಗಿರುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಔಷಧಿಯ ಹನಿಗಳನ್ನು ವೈದ್ಯರು ತಿಳಿಸಿದ ವೇಳೆಗೆ ತಪ್ಪದೆ ಹಾಕತಕ್ಕದ್ದು. ಹಾಕುವವರು ಸಾಬೂನಿನಿಂದ ಕೈ ತೊಳೆದುಕೊಂಡಿರಬೇಕು. ಬಾಟಲಿಯ ತುದಿ ಕಣ್ಣಿಗೆ ತಾಗಕೂಡದು. ಎರಡು ಬಗೆಯ ಹನಿಗಳ ನಡುವೆ 5 ನಿಮಿಷಗಳ ಅಂತರವಿರಲಿ.

2. ಹನಿಗಳನ್ನು ಸಾಮಾನ್ಯವಾಗಿ 4ರಿಂದ 6 ವಾರ ಹಾಕಬೇಕಾಗುತ್ತದೆ. ಕಣ್ಣು ಚೆನ್ನಾಗಿ ಕಾಣುತ್ತಿದೆ ಎಂದು ನಡುವೆ ನಿಲ್ಲಿಸಬಾರದು.

3. ಕಣ್ಣನ್ನು ಉಜ್ಜಬಾರದು. ಮೊದಲ ವಾರ ಮಲಗುವಾಗ ರಕ್ಷಾಕವಚವನ್ನು ಕಟ್ಟಿಕೊಳ್ಳಬೇಕು.

4. ವೈದ್ಯರು ಅನುಮತಿಸುವವರೆಗೆ ತಲೆಸ್ನಾನ ಮಾಡದೆ, ಕುತ್ತಿಗೆಯ ಕೆಳಗೆ ಮಾತ್ರ ಸ್ನಾನ ಮಾಡಬೇಕು. ಕೆರೆ, ಕಾಲುವೆ ಹಾಗೂ ವರದಾ ನದಿಯಲ್ಲಿ ಮುಳುಗುವುದು ಬೇಡ.

5. ತುಂಬಿದ ಕೊಡ, ಮೇವಿನ ಹೊರೆ, ಚೀಲ ಮುಂತಾದ ಭಾರವನ್ನು ಎತ್ತಬಾರದು.

6. ಈ ಭಾಗದಲ್ಲಿ ಗೋವಿನಜೋಳದ ರಾಶಿಯ ಧೂಳು, ಬ್ಯಾಡಗಿ ಮೆಣಸಿನಕಾಯಿಯ ಘಾಟು ಹಾಗೂ ಒಲೆಯ ಹೊಗೆ ಕಣ್ಣಿಗೆ ತೊಂದರೆ ಕೊಡುತ್ತವೆ. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಅರಿವಿಲ್ಲದೆ ಕಣ್ಣು ಒರೆಸಿಕೊಳ್ಳುವ ಸಂಭವವಿದೆ. ಆದುದರಿಂದ ಸುಮಾರು ಒಂದು ತಿಂಗಳು ಇಂತಹ ಕೆಲಸಗಳಿಂದ ದೂರವಿದ್ದು, ಹೊರಗೆ ಹೋಗುವಾಗ ಕಪ್ಪು ಕನ್ನಡಕವನ್ನು ಧರಿಸತಕ್ಕದ್ದು.

7. ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ಸೊಪ್ಪಿನ ರಸ ಇವುಗಳನ್ನು ಕಣ್ಣಿಗೆ ಹಾಕಕೂಡದು.

8. ಎಂದಿನಂತೆ ಊಟ ಮಾಡಬಹುದು. ಸಕ್ಕರೆ ಕಾಯಿಲೆ ಹಾಗೂ ರಕ್ತದೊತ್ತಡದ ಮಾತ್ರೆಗಳನ್ನು ಮುಂದುವರಿಸಬೇಕು.

ಅಪಾಯದ ಲಕ್ಷಣಗಳು

ಮೊದಲ ಎರಡು ಮೂರು ದಿನ ಮರಳು ಬಿದ್ದಂತೆ ಚುಚ್ಚುವುದು, ನೀರು ಸೋರುವುದು ಸಹಜ. ಇವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಅದಕ್ಕೆ ಬದಲಾಗಿ ನೋವು ಅಥವಾ ಕೆಂಪು ಹೆಚ್ಚಿದರೆ, ಕಂಡಿದ್ದ ದೃಷ್ಟಿ ಮತ್ತೆ ಮಸುಕಾದರೆ, ಕೀವು ಬಂದರೆ, ಮಿಂಚು ಹೊಳೆದಂತೆ ಅಥವಾ ಪರದೆ ಇಳಿದಂತೆ ಕಂಡರೆ ಅದು ತುರ್ತು ಸ್ಥಿತಿ. ಕಣ್ಣಿನೊಳಗೆ ಸೋಂಕು ತಗಲುವುದು ಅಪರೂಪ. ಆದರೆ ತಗಲಿದಾಗ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ದೊರೆಯದಿದ್ದರೆ ದೃಷ್ಟಿ ಶಾಶ್ವತವಾಗಿ ನಷ್ಟವಾಗಬಹುದು. "ಮಗ ರಾಶಿ ಮುಗಿಸಿ ಬರಲಿ", "ಸಂತೆಯ ದಿನ ಹೋದಾಗ ತೋರಿಸಿದರಾಯಿತು" ಎಂದು ಕಾಯಬಾರದು. ಮಕ್ಕಳಿಗೆ ತೊಂದರೆಯಾದೀತೆಂದು ಹಿರಿಯರು ನೋವನ್ನು ಹೇಳದೆ ಇರುವುದುಂಟು. ಆದುದರಿಂದ ಮನೆಯವರೇ ಪ್ರತಿದಿನ ಕೇಳಿ ತಿಳಿದುಕೊಳ್ಳುವುದು ಅವಶ್ಯಕ. ಮೇಲಿನ ಯಾವುದೇ ಲಕ್ಷಣ ಕಂಡಲ್ಲಿ ಅದೇ ದಿನ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಅಥವಾ ಹತ್ತಿರದ ನೇತ್ರ ತಜ್ಞರಲ್ಲಿಗೆ ಕರೆದೊಯ್ಯತಕ್ಕದ್ದು.

ಮರುತಪಾಸಣೆ

ಕಣ್ಣು ಚೆನ್ನಾಗಿದ್ದರೂ ವೈದ್ಯರು ಬರೆದುಕೊಟ್ಟ ದಿನಾಂಕಗಳಂದು ತಪಾಸಣೆಗೆ ಹೋಗಬೇಕು. ಕನ್ನಡಕದ ಅವಶ್ಯಕತೆಯಿದ್ದಲ್ಲಿ ಗಾಯ ಪೂರ್ಣವಾಗಿ ಮಾಗಿದ ಮೇಲೆ, ಸಾಮಾನ್ಯವಾಗಿ 4ರಿಂದ 6 ವಾರಗಳ ನಂತರ ನೀಡಲಾಗುತ್ತದೆ. ಕೆಲವರಿಗೆ ತಿಂಗಳು ಅಥವಾ ವರ್ಷಗಳ ಬಳಿಕ ಕೃತಕ ಮಸೂರದ ಹಿಂದಿನ ತೆಳುಪದರ ಮಂಜಾಗಿ ದೃಷ್ಟಿ ಕುಂದುತ್ತದೆ. ಪೊರೆ ಮತ್ತೆ ಬೆಳೆಯಿತೆಂದು ಹೆದರಬೇಕಾಗಿಲ್ಲ. ಇದನ್ನು ಮಾತ್ರ ನಿಜವಾಗಿಯೂ ಲೇಸರ್ ಕಿರಣದಿಂದಲೇ, ಕೆಲವೇ ನಿಮಿಷಗಳಲ್ಲಿ, ಸರಿಪಡಿಸಲಾಗುತ್ತದೆ.

ಶಸ್ತ್ರಚಿಕಿತ್ಸೆಯ ಚೀಟಿ ಹಾಗೂ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಮನೆಯಲ್ಲಿ ಎಲ್ಲರಿಗೂ ಸಿಗುವ ಜಾಗದಲ್ಲಿಡಬೇಕು. ಸಂದೇಹವಿದ್ದಲ್ಲಿ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಮರಳಿ ಬಂದ ದೃಷ್ಟಿಯನ್ನು ಉಳಿಸಿಕೊಳ್ಳಲು ಈ ಎಚ್ಚರಿಕೆ ಅವಶ್ಯಕ.